ಮೂರನೇ ಸಾಲಿನ ಐದನೇ ಮರದ ಲೆಕ್ಕ ಎಲ್ಲಿ ಹೋಯಿತು?

ಇವರಿಗೆ: ಕೇರಳ ಮತ್ತು ಕರ್ನಾಟಕದ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ, ಎರಡೂ ರಾಜ್ಯಗಳ ಕೃಷಿ ಇಲಾಖೆಗಳ ಮತ್ತು ತೋಟದ ಬೆಳೆಗಳ ಮೇಲೆ ಕೆಲಸ ಮಾಡುವ ಎಲ್ಲ ಸಂಶೋಧನಾ ಸಂಸ್ಥೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಮ್ಮ ತೋಟದ ಮೂರನೇ ಸಾಲಿನಲ್ಲಿ, ತೋಡಿನ ಕಡೆಯಿಂದ ಐದನೆಯದಾಗಿ ನಿಂತಿರುವ ಅಡಿಕೆ ಮರಕ್ಕೆ ಮೂರು ಹೆಸರು. ನನ್ನ ಅಪ್ಪನ ನೋಟ್‌ಪುಸ್ತಕದಲ್ಲಿ ಅದು '3-5'. ಸುಮಾರು ಹದಿನೈದು ವರ್ಷದ ಹಿಂದೆ ಬಂದ ಒಂದು ತಂಡ ಕೆಂಪು ಪೇಂಟಿನಲ್ಲಿ 'ಎ 17' ಎಂದು ಬರೆದು ಹೋಯಿತು. ಅದಾಗಿ ಕೆಲವು ವರ್ಷ ಕಳೆದು ಬಂದ ಇನ್ನೊಂದು ತಂಡ ಅಲ್ಯೂಮಿನಿಯಂ ತಗಡಿನಲ್ಲಿ '42' ಎಂದು ಕೊರೆದು ತಂತಿಯಿಂದ ಕಟ್ಟಿತು. ಅಡಿಕೆ ಮರ ವಯಸ್ಸಾದ ಹಾಗೆ ದಪ್ಪ ಆಗುವುದಿಲ್ಲವಲ್ಲ, ಆ ತಂತಿ ಇವತ್ತಿಗೂ ಕಟ್ಟಿದ ಹಾಗೇ ಇದೆ. ಪೇಂಟಿನ ಮೇಲೆ ಪಾಚಿ ಬಂದಿದೆ.

ಎರಡೂ ತಂಡದವರು ಒಳ್ಳೆಯವರೇ. ಮಜ್ಜಿಗೆ ಕುಡಿದರು, ಮಣ್ಣು ತೆಗೆದರು, ಸೋಗೆ ಎಣಿಸಿದರು, ಗೊನೆ ಎಣಿಸಿದರು, ಎಲೆಯ ತುಂಡನ್ನು ಕವರಿನಲ್ಲಿ ಹಾಕಿ ಒಯ್ದರು. ಏನು ಸಿಕ್ಕಿತು ಎಂದು ನಮಗೆ ಯಾರೂ ಹೇಳಲಿಲ್ಲ. ಅದು ಹೋಗಲಿ ಎನ್ನೋಣ. ಆದರೆ ಎರಡನೇ ತಂಡಕ್ಕೆ ಮೊದಲ ತಂಡ ಬಂದದ್ದೇ ಗೊತ್ತಿರಲಿಲ್ಲ. ಪೇಂಟು ನೋಡಿ, "ಇದೇನು, ಮರ ಮಾರಾಟಕ್ಕೆ ಗುರುತು ಹಾಕಿದ್ದಾ?" ಎಂದು ಕೇಳಿದರು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಈಗ ತೋಟ ನೋಡಿಕೊಳ್ಳುತ್ತೇನೆ, ಅಪ್ಪ ನಡೆಸುತ್ತಿದ್ದ ಮಳೆಯ ಲೆಕ್ಕವನ್ನು ಮುಂದುವರಿಸುತ್ತೇನೆ. ತೋಟಗಳಲ್ಲಿ ತೆಗೆದ ಲೆಕ್ಕ ಒಂದೇ ನಮೂನೆಯಲ್ಲಿ, ಎಲ್ಲರಿಗೂ ಸಿಗುವ ಹಾಗೆ ಇರಲಿ ಎಂದು ಕೇಳುವ ಈ ಪತ್ರ ಬರೆಯುವ ಹಾಗೆ ಮಾಡಿದ್ದು ನನ್ನ ಹಳೆ ವಿದ್ಯಾರ್ಥಿನಿ. ಅವಳು ಈಗ ಪಿಎಚ್‌ಡಿ ಮಾಡುತ್ತಿದ್ದಾಳೆ. ಒಂದು ದಿನ ಫೋನ್ ಮಾಡಿ, "ಟೀಚರೇ, ಮಳೆ ಬೀಳುವ ರೀತಿ ಬದಲಾದ ಮೇಲೆ ಅಡಿಕೆಯ ಕೊಳೆರೋಗ ಹೇಗೆ ಬದಲಾಗಿದೆ ಅಂತ ನೋಡಬೇಕು. ನಿಮ್ಮ ಅಪ್ಪನ ಪುಸ್ತಕ ಕೊಡ್ತೀರಾ?" ಎಂದಳು. ಕೊಡದೆ ಏನು? ಮೂವತ್ತೊಂದು ವರ್ಷದ ಪುಸ್ತಕಗಳು ಅಟ್ಟದಿಂದ ಇಳಿದವು.

ಅಪ್ಪನ ಲೆಕ್ಕ ಒಂದು ತೋಟದ್ದು. ಅದಕ್ಕೆ ಜೋಡಿಸಲು ಬೇರೆ ಕಡೆಯ ಲೆಕ್ಕ ಬೇಕು ಎಂದು ಅವಳು ಅಲ್ಲಿ ಇಲ್ಲಿ ಕೇಳಿದಳು. ಕೆಲವು ಕಡೆ ನಾನೂ ಜೊತೆಗೆ ಹೋದೆ. ಒಂದು ಕಡೆ ಅರ್ಜಿ ಕೊಡಿ ಎಂದರು, ಕೊಟ್ಟೆವು, ಅದು ಇನ್ನೂ ಅಲ್ಲೇ ಇರಬಹುದು. ಇನ್ನೊಂದು ಕಡೆ ಪ್ರೀತಿಯಿಂದಲೇ ಒಂದು ಪಿಡಿಎಫ್ ಕೊಟ್ಟರು. ತೆರೆದರೆ ಓರೆಯಾಗಿ ತೆಗೆದ ಫೋಟೋ, ಬಲಗಡೆಯ ಕೊನೆಯ ಕಾಲಂ ಅರ್ಧ ಕಟ್ಟಾಗಿದೆ. ಮೂರನೇ ಕಡೆಯ ಉತ್ತರ ನನಗೆ ಬಾಯಿಪಾಠ ಆಗಿದೆ: "ಅದು ಸಾರ್ ಹತ್ತಿರ ಇತ್ತು. ಸಾರ್ ರಿಟೈರ್ ಆದ್ರು."

ಹೆಸರು ಹೇಳಿ ಯಾರನ್ನೂ ದೂರುವುದಿಲ್ಲ. ಯಾವ ಕಚೇರಿಗೆ ಹೋಗಿದ್ದರೂ ಕಥೆ ಇದಕ್ಕಿಂತ ಬೇರೆ ಇರುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಹಾಗೂ ಹೀಗೂ ನಾಲ್ಕೈದು ಕಡೆಯ ಲೆಕ್ಕ ಸಿಕ್ಕಿತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಒಂದರ ಪಕ್ಕ ಒಂದನ್ನು ಇಟ್ಟರೆ ಯಾವುದೂ ಕೂಡುವುದಿಲ್ಲ.

ಮೊದಲು ಹೆಸರಿನ ವಿಷಯ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವುದನ್ನು ನಾವು ಕನ್ನಡದಲ್ಲಿ ಕೊಳೆರೋಗ ಎನ್ನುತ್ತೇವೆ. ಕೃಷಿಭವನದ ಮಲಯಾಳ ಕಾಗದದಲ್ಲಿ ಅದು ಮಹಾಳಿ. ನಮ್ಮಲ್ಲೂ ಅನೇಕರು ಹಾಗೇ ಹೇಳುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾಗಿ ಬರೆದರು. ಆಮೇಲೆ ಅದರ ರೋಗಾಣುವಿಗೆ ಹೆಸರು ಬದಲಾಗುತ್ತಾ ಬಂತು. ಒಂದು ಪ್ರಬಂಧದಲ್ಲಿ ಫೈಟೋಫ್ತೊರಾ ಅರೆಕೆ, ಇನ್ನೊಂದರಲ್ಲಿ ಫೈಟೋಫ್ತೊರಾ ಮೀಡಿಯೈ. ಇಷ್ಟಕ್ಕೇ ಮುಗಿಯಲಿಲ್ಲ. ಕೊಡಗಿನ ಕಾಫಿಗೆ ಬರುವ ಕಪ್ಪು ಕೊಳೆಗೂ ಕೊಳೆರೋಗ ಎಂದೇ ಹೆಸರು. ಅದು ಪೂರಾ ಬೇರೆ ರೋಗಾಣು. ಅದರ ಲ್ಯಾಟಿನ್ ಹೆಸರಿನಲ್ಲೇ ನಮ್ಮ ಕನ್ನಡ ಪದ ಹೊಕ್ಕು ಕೂತಿತ್ತು: ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಕನ್ನಡತಿಯಾಗಿ ಖುಷಿಪಡಬಹುದು. ಆದರೆ ಕಂಪ್ಯೂಟರಿನಲ್ಲಿ 'ಕೊಳೆರೋಗ' ಎಂದು ಹುಡುಕಿದರೆ ಅಡಿಕೆಯೂ ಕಾಫಿಯೂ ಒಂದೇ ಗೋಣಿಯಲ್ಲಿ ಬರುತ್ತವೆ, 'ಮಹಾಳಿ' ಎಂದು ಬರೆದದ್ದು ಒಂದೂ ಬರುವುದಿಲ್ಲ.

ಭತ್ತದ ಕಥೆ ಇದಕ್ಕಿಂತ ಸ್ವಾರಸ್ಯ. ಗಡಿಯಾಚೆ ಪುತ್ತೂರು, ಬಂಟ್ವಾಳದ ಗದ್ದೆಗಳಲ್ಲಿ 'ಎಂಒ 4' ಬಹಳ ಪ್ರಿಯ. ಅದು ಹುಟ್ಟಿದ್ದು ಕೇರಳದ ಮೊಂಕೊಂಬು ಭತ್ತ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಅದರ ಹೆಸರು ಭದ್ರ. ಕೇರಳದ ಪಟ್ಟಿಯಲ್ಲಿ ಭದ್ರ, ಗಡಿಯ ಸಾರಡ್ಕ ದಾಟಿದರೆ ಎಂಒ 4. ಗೊತ್ತಿದ್ದವರಿಗೆ ಒಂದೇ ಭತ್ತ, ಕಂಪ್ಯೂಟರಿಗೆ ಎರಡು. ಹಲಸಿನಲ್ಲೂ ಹಾಗೇ. ಪಂಚಾಯತಿನ ಜೀವವೈವಿಧ್ಯ ದಾಖಲಾತಿ ಮಾಡುವಾಗ ನಾನೂ ಮನೆ ಮನೆ ಸುತ್ತಿದ್ದೇನೆ. ಒಂದು ಮನೆಯಲ್ಲಿ ಬಕ್ಕೆ ಎಂದರು, ಪಕ್ಕದ ಮಲಯಾಳ ಮಾತಾಡುವ ಮನೆಯಲ್ಲಿ ವರಿಕ್ಕ ಎಂದರು. ಎರಡೂ ಗಟ್ಟಿ ತೊಳೆಯ ಹಲಸು. ಅದು ತಳಿಯ ಹೆಸರೇ ಅಲ್ಲ, ಒಂದು ಬಗೆಯ ಹೆಸರು. ಆದರೆ ಬರೆದುಕೊಂಡ ಹುಡುಗ ಎರಡು ತಳಿ ಎಂದು ಎರಡು ಸಾಲು ತುಂಬಿಸಿದ್ದ.

ಜಾಗದ ಹೆಸರಂತೂ ಕೇಳಲೇಬೇಡಿ. ಕಾಸರಗೋಡನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆದದ್ದನ್ನು ನಾನೇ ಕಂಡಿದ್ದೇನೆ. 1956ರ ನವೆಂಬರ್ 1ಕ್ಕೆ ಮೊದಲು ಇದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಕಾಲದಲ್ಲಿ ಇಲ್ಲಿ ಕಿತ್ತು ಒಣಗಿಸಿ ಇಟ್ಟ ಗಿಡದ ಹಾಳೆಯ ಮೇಲೆ 'ಸೌತ್ ಕೆನರಾ' ಎಂದಷ್ಟೇ ಇದ್ದರೆ, ಈಗ ಕಂಪ್ಯೂಟರಿಗೆ ಏರಿಸುವವರು ಅದನ್ನು ಕಣ್ಣು ಮುಚ್ಚಿ ಕರ್ನಾಟಕಕ್ಕೆ ಹಾಕುತ್ತಾರೆ. ಗಿಡ ಇದ್ದದ್ದು ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಇರಬಹುದು. ಭಾಷೆಯ ವಿಷಯದಲ್ಲಿ ನಾವು ಜಗಳ ಮಾಡಿದ್ದು ಸಾಕಷ್ಟಿದೆ, ಅದನ್ನು ಇಲ್ಲಿ ತರುವುದಿಲ್ಲ. ನಾನು ಕೇಳುವುದು ಇಷ್ಟೇ: ಹೆಸರಿನ ಜೊತೆಗೆ ಅಕ್ಷಾಂಶ, ರೇಖಾಂಶ ಬರೆಯಿರಿ. ಅದಕ್ಕೆ ಭಾಷೆ ಇಲ್ಲ.

ಇನ್ನು ಅಂಕಿ. ಜಾಗದ ವಿಸ್ತೀರ್ಣ '2.20 ಎಕರೆ' ಎಂದು ಒಂದು ಪಟ್ಟಿಯಲ್ಲಿತ್ತು. ನಮ್ಮ ಕಡೆ ಸೆಂಟ್ಸಿನ ಲೆಕ್ಕ, ಎಕರೆಗೆ 100. ಅಂದರೆ ಎರಡು ಎಕರೆ ಇಪ್ಪತ್ತು ಸೆಂಟ್ಸ್. ಘಟ್ಟದ ಮೇಲಿನವರಿಗೆ ಗುಂಟೆ, ಎಕರೆಗೆ 40. ಅವರು ಬರೆದಿದ್ದರೆ ಅದು ಎರಡೂವರೆ ಎಕರೆ. ಬರೆದವರು ಯಾರು ಎಂದು ಪಟ್ಟಿ ಹೇಳುವುದಿಲ್ಲ. ಫಸಲು 'ಮರಕ್ಕೆ ಎರಡೂವರೆ ಕಿಲೋ' ಎಂದಿದೆ. ಯಾವುದರ ಕಿಲೋ? ಹಣ್ಣಡಿಕೆಯದ್ದೋ, ಒಣಗಿಸಿ ಸುಲಿದ ಚಾಲಿಯದ್ದೋ? ಹಣ್ಣಡಿಕೆಯ ತೂಕದಲ್ಲಿ ಐದನೇ ಒಂದು ಪಾಲಿನ ಆಸುಪಾಸು ಮಾತ್ರ ಚಾಲಿಯಾಗಿ ಕೈಗೆ ಬರುವುದು. ಒಂದು ಪದ ಬಿಟ್ಟುಹೋದರೆ ತೋಟ ಐದು ಪಟ್ಟು ಹಿಗ್ಗುತ್ತದೆ, ಇಲ್ಲ ಕುಗ್ಗುತ್ತದೆ. ರೋಗದ ತೀವ್ರತೆಗೆ ಒಬ್ಬರು ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟಿದ್ದಾರೆ, ಇನ್ನೊಬ್ಬರು ಒಂಬತ್ತರವರೆಗೆ. ಅವರ ಮೂರೂ ಇವರ ಮೂರೂ ಒಂದೇನಾ?

ತಾರೀಕು ಕೇಳಿದರೆ ಅಡಿಕೆ ಬೆಳೆಯುವವರು ನಗುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟ ದಿನ '06/07' ಎಂದಿತ್ತು. ಜೂನ್ 7 ಆದರೆ ಮಳೆ ಹಿಡಿಯುವ ಹೊತ್ತು. ಜುಲೈ 6 ಆದರೆ ಮೊದಲ ಮದ್ದಿನ ಬಲ ಇಳಿಯುತ್ತಾ, ಎರಡನೇ ಮದ್ದಿಗೆ ಒಂದು ದಿನದ ಬಿಸಿಲು ಸಿಕ್ಕೀತೇ ಎಂದು ಆಕಾಶ ನೋಡುವ ಹೊತ್ತು. ಈ ಎರಡರ ನಡುವೆ ಒಂದು ವರ್ಷದ ಫಸಲು ಉಳಿಯುವುದೂ ಇದೆ, ಹೋಗುವುದೂ ಇದೆ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಎಂದು ಬರೆಯುವ ಅಂತಾರಾಷ್ಟ್ರೀಯ ಕ್ರಮ ಒಂದಿದೆ. ಅದರಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಒಂದು ಪೈಸೆ ಖರ್ಚೂ ಇಲ್ಲ.

ನಮ್ಮಪ್ಪನ ಪುಸ್ತಕದಲ್ಲೂ ಎಡವಟ್ಟು ಇಲ್ಲ ಎನ್ನುವುದಿಲ್ಲ. ಮೊದಲ ವರ್ಷಗಳಲ್ಲಿ ಅವರು ತಾರೀಕಿನ ಬದಲು 'ಆರ್ದ್ರೆಯ ಮೂರನೇ ದಿನ' ಎಂದು ಬರೆದಿದ್ದರು. ಪಂಚಾಂಗ ಇಟ್ಟುಕೊಂಡು ಬಿಡಿಸಿದೆವು. ಮಳೆಯನ್ನು ಇಂಚಿನಲ್ಲಿ ಬರೆಯುತ್ತಿದ್ದರು. ಆಮೇಲೆ ಒಂದು ಪುಟದ ಮಧ್ಯೆ, ಕೆಂಪು ಶಾಯಿಯಲ್ಲಿ, ಎರಡು ಗೆರೆ ಎಳೆದು: "ಇಂದಿನಿಂದ ಮಿ.ಮೀ. ಹೊಸ ಮಳೆಮಾಪಕ. ಹಳೆಯದು ತೆಂಗಿನ ಮರದ ಹತ್ತಿರ ಇತ್ತು, ಮಡಲಿನ ನೀರು ಬೀಳುತ್ತಿತ್ತು, ಲೆಕ್ಕ ಜಾಸ್ತಿ ಬಂದಿರಬಹುದು." ಎಂಟನೇ ಕ್ಲಾಸು ಓದಿದವರು ಬರೆದದ್ದು ಇದು. ನನ್ನ ವಿದ್ಯಾರ್ಥಿನಿ ಆ ಪುಟದ ಫೋಟೋ ತೆಗೆದು ತನ್ನ ಗೈಡಿಗೆ ಕಳಿಸಿದಳು. ಯಾವ ಸಾಧನ, ಎಲ್ಲಿ ಇಟ್ಟದ್ದು, ಯಾವಾಗ ಬದಲಾಯಿತು, ಎಲ್ಲಿ ಅನುಮಾನ. ಲೆಕ್ಕದ ಬಗ್ಗೆ ಇರುವ ಈ ಲೆಕ್ಕವೇ ನಮಗೆ ಸಿಕ್ಕಿದ ಅಚ್ಚುಕಟ್ಟು ಪಟ್ಟಿಗಳಲ್ಲಿ ಇಲ್ಲದ್ದು.

ಆದರೂ ಒಂದು ಸಿಕ್ಕು ಉಳಿಯಿತು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ತಾರೀಕಿಗೇ ಹಾಕುತ್ತಾರೆ. ಅಪ್ಪ ಬೆಳಿಗ್ಗೆ ಹಾಲು ಕರೆದಾದ ಮೇಲೆ ಅಳೆದು, "ನಿನ್ನೆಯದ್ದಲ್ವಾ" ಎಂದು ನಿನ್ನೆಯ ತಾರೀಕಿಗೆ ಬರೆಯುತ್ತಿದ್ದರು. ಹಾಗಾಗಿ ಮೂವತ್ತೊಂದು ವರ್ಷವೂ ನಮ್ಮ ತೋಟದಲ್ಲಿ ಮಳೆ ಒಂದು ದಿನ ಮೊದಲೇ ಬಂದಿದೆ! ಇದನ್ನು ಕಂಡುಹಿಡಿಯಲು ನಮಗೆ ಎರಡು ವಾರ ಹಿಡಿಯಿತು.

ಕಂಪ್ಯೂಟರಿಗೆ ಹಾಕುವಾಗ ಇನ್ನೊಂದು ತಮಾಷೆ. ಮರದ ನಂಬ್ರ '3-5' ಎಂದು ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅದನ್ನು ಮೇ 3 ಮಾಡಿತು. ಮೂರನೇ ಸಾಲಿನ ನಲವತ್ತನೇ ಮರ 1940ರ ಮಾರ್ಚಿಗೆ ಹೋಯಿತು. ನಕ್ಕು ಸರಿ ಮಾಡಿದೆವು. ಇದು ನಮ್ಮಂಥವರಿಗೆ ಮಾತ್ರ ಆಗುವುದಲ್ಲ. ಮನುಷ್ಯರ ಕೆಲವು ಜೀನ್‌ಗಳ ಹೆಸರು 'ಮಾರ್ಚ್ 1', 'ಸೆಪ್ಟ್ 2' ಎಂಬಂತೆ ಇದ್ದು, ಎಕ್ಸೆಲ್ ಅವನ್ನು ತಾರೀಕು ಮಾಡಿ ಮಾಡಿ, ಕಡೆಗೆ 2020ರ ಹೊತ್ತಿಗೆ ವಿಜ್ಞಾನಿಗಳು ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ಇದಕ್ಕೆಲ್ಲ ದಾರಿ ಇಲ್ಲವಾ? ಇದೆ, ಹಳೆಯದೇ. ತೆಂಗಿನ ತಳಿ ಅಭಿವೃದ್ಧಿ ಮಾಡುವವರು 1996ರಲ್ಲೇ ಎಲ್ಲ ದೇಶದವರಿಗೂ ಒಂದೇ ಅಳತೆಯ ಕೈಪಿಡಿ ಮಾಡಿದರು. ಕಾಂಡದ ಸುತ್ತಳತೆಯನ್ನು ನೆಲದಿಂದ 20 ಸೆಂಟಿಮೀಟರ್ ಮೇಲೆ ಒಮ್ಮೆ, ಒಂದೂವರೆ ಮೀಟರ್ ಮೇಲೆ ಒಮ್ಮೆ ಅಳೆಯಬೇಕು. ಮರ ಎಷ್ಟು ಬೇಗ ಮೇಲೆ ಹೋಗುತ್ತಿದೆ ಎಂದು ತಿಳಿಯಲು ಮಡಲು ಉದುರಿದ 11 ಗುರುತುಗಳ ಉದ್ದ ನೋಡಬೇಕು. ಪೋಷಕಾಂಶ ಪರೀಕ್ಷೆಗೆ 14ನೇ ಮಡಲನ್ನು ತೆಗೆಯುವ ರೂಢಿ ಅದಕ್ಕಿಂತಲೂ ಹಳೆಯದು. ಟೇಪು ಹಿಡಿಯುವವರು ಫಿಲಿಪ್ಪೀನ್ಸಿನಲ್ಲಿರಲಿ, ನಮ್ಮ ಕಾಸರಗೋಡಿನ ಕೂಡ್ಲಿನಲ್ಲಿರಲಿ, ಒಬ್ಬರ ಅಂಕಿ ಇನ್ನೊಬ್ಬರ ಅಂಕಿಯ ಪಕ್ಕ ಕೂರುತ್ತದೆ.

ಬೀಜಬ್ಯಾಂಕುಗಳಿಗೆ 2001ರಿಂದ ಒಂದು ಸಾಮಾನ್ಯ ನಮೂನೆ ಇದೆ. ತಳಿಯ ಸಂಖ್ಯೆ, ಎಲ್ಲಿಂದ ತಂದದ್ದು, ಯಾವಾಗ, ಸಂಗ್ರಹಿಸಿದ್ದು ಯಾರು, ಎಲ್ಲದಕ್ಕೂ ಒಂದೊಂದು ಕಾಲಂ. ಗದ್ದೆ, ತೋಟದಲ್ಲಿ ಮಾಡುವ ಅಳತೆಗೆ ಕನಿಷ್ಠ ಏನೇನು ಬರೆಯಲೇಬೇಕು ಎಂಬ ಪಟ್ಟಿಯೂ 2015ರಿಂದ ಇದೆ. 'ಮಿಯಾಪೆ' ಎಂದು ವಿಚಿತ್ರ ಹೆಸರು. ಅದರ ತಿರುಳು ನನಗೆ ಬಹಳ ಹಿಡಿಸಿತು: ಏನನ್ನು ಅಳೆದಿರಿ, ಹೇಗೆ ಅಳೆದಿರಿ, ಯಾವ ಮಾನದಲ್ಲಿ ಅಳೆದಿರಿ, ಮೂರನ್ನೂ ಬೇರೆ ಬೇರೆ ಹೇಳಬೇಕು. 'ಫಸಲು' ಎಂದರೆ ಸಾಲದು. ಫಸಲು, ಒಣಗಿಸಿ ಸುಲಿದು ತೂಗಿದ್ದು, ಕಿಲೋದಲ್ಲಿ, ಒಂದು ಮರಕ್ಕೆ, ಒಂದು ವರ್ಷಕ್ಕೆ. 2016ರಲ್ಲಿ 'ಫೇರ್' ಎಂಬ ನಾಲ್ಕು ತತ್ವಗಳು ಬಂದವು. ಲೆಕ್ಕ ಹುಡುಕಿದರೆ ಸಿಗಬೇಕು, ತೆಗೆಯಲು ಆಗಬೇಕು, ಬೇರೆ ಲೆಕ್ಕದ ಜೊತೆ ಕೂಡಬೇಕು, ಇನ್ನೊಬ್ಬರಿಗೆ ಇನ್ನೊಮ್ಮೆ ಉಪಯೋಗಕ್ಕೆ ಬರಬೇಕು. ನಮ್ಮ ದೇಶದಲ್ಲೂ ನಿಯಮಕ್ಕೆ ಬರಗಾಲವಿಲ್ಲ. ಸರ್ಕಾರಿ ದತ್ತಾಂಶ ಹಂಚಿಕೊಳ್ಳುವ ರಾಷ್ಟ್ರೀಯ ನೀತಿ 2012ರದ್ದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಮುಕ್ತ ಪ್ರವೇಶ ನೀತಿ 2013ರದ್ದು. ಫರೀದಾಬಾದಿನಲ್ಲಿ ಜೈವಿಕ ದತ್ತಾಂಶಕ್ಕೆಂದೇ ರಾಷ್ಟ್ರೀಯ ಕೇಂದ್ರ 2022ರಲ್ಲಿ ತೆರೆದಿದೆ.

ಜೀನ್‌ನ ಲೆಕ್ಕದಲ್ಲಿ ಇದು ಆಗಿಯೂ ಹೋಗಿದೆ. 3,000 ಭತ್ತದ ತಳಿಗಳ ಜೀನೋಮ್ ಓದಿ 2014ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಇಲ್ಲಿ ಕೂತ ನನ್ನ ವಿದ್ಯಾರ್ಥಿನಿ ಅದರಲ್ಲಿ ತನಗೆ ಬೇಕಾದದ್ದನ್ನು ಇಳಿಸಿಕೊಳ್ಳಬಹುದು. ಪಕ್ಕದ ಗುಡ್ಡೆಯ ಆಚೆಗಿನ ತೋಟದಲ್ಲಿ ಯಾರೋ ಎಣಿಸಿದ ಗೊನೆಯ ಲೆಕ್ಕ ಮಾತ್ರ ಅವಳಿಗೆ ಸಿಗುವುದಿಲ್ಲ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರದಲ್ಲಿ ಬರೆಯುವ ಜೀನ್ ಎಲ್ಲಿ ಓದಿದರೂ ಒಂದೇ. ಅದನ್ನು ಸಾರ್ವಜನಿಕ ಭಂಡಾರಕ್ಕೆ ಕೊಡದೆ ಪ್ರಬಂಧ ಅಚ್ಚು ಮಾಡುವುದಿಲ್ಲ ಎಂದು ಪತ್ರಿಕೆಗಳೂ ಹಟ ಹಿಡಿದವು. ತೋಟದ ಲೆಕ್ಕಕ್ಕೆ ಹಾಗೆ ಹಟ ಹಿಡಿಯುವವರು ಯಾರೂ ಇರಲಿಲ್ಲ.

ಭತ್ತದವರಾದರೆ ಇನ್ನೊಂದು ಬೆಳೆಯಲ್ಲಿ ಮತ್ತೆ ಅಳೆದಾರು. ಮರದ ಬೆಳೆಯಲ್ಲಿ ಅದು ಆಗುವುದಿಲ್ಲ. ಅಡಿಕೆ ಸಸಿ ನೆಟ್ಟರೆ ಸಿಂಗಾರ ಬಿಡಲು ಐದಾರು ವರ್ಷ ಬೇಕು. ಪ್ರಾಜೆಕ್ಟು ಮೂರು ವರ್ಷದ್ದು. ಒಂದು ತೆಂಗಿನ ಮರದ ಆಯುಷ್ಯದಲ್ಲಿ ಇಬ್ಬರು ಮೂವರು ವಿಜ್ಞಾನಿಗಳು ನಿವೃತ್ತರಾಗುತ್ತಾರೆ. ಲೆಕ್ಕ ಒಬ್ಬರಿಂದ ಒಬ್ಬರಿಗೆ ಹೋಗದಿದ್ದರೆ ಪ್ರತಿ ಸಲವೂ ಸಸಿಯಿಂದಲೇ ಶುರು ಮಾಡಿದ ಹಾಗೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ, ಮದ್ರಾಸ್ ಸರ್ಕಾರದ ಕಾಲದಲ್ಲಿ. ನೀಲೇಶ್ವರದಲ್ಲಿ ಎತ್ತರದ ತಳಿಗೂ ಗಿಡ್ಡ ತಳಿಗೂ ಮೊದಲ ಸಂಕರ ಮಾಡಿದ್ದು 1932ರಲ್ಲಿ. ಲೋಕಕ್ಕೇ ಅದು ಮೊದಲು. ನೂರು ವರ್ಷಕ್ಕೂ ಮಿಕ್ಕಿದ ಲೆಕ್ಕ ಈ ಮಣ್ಣಿನದ್ದು. ಹವೆ ಬದಲಾಗುತ್ತಿದೆ ಎಂದು ಎಲ್ಲರೂ ಹೇಳುವ ಈ ಹೊತ್ತಿನಲ್ಲಿ ಅಷ್ಟು ಹಳೆಯ ಲೆಕ್ಕ ಯಾವ ಊರಿಗೆ ಇದೆ ಹೇಳಿ?

ರೋಗಕ್ಕೆ ಗಡಿಯಲ್ಲಿರುವ ತಲಪಾಡಿಯ ಗೇಟು ಗೊತ್ತಿಲ್ಲ. ಅಡಿಕೆಯ ಹಳದಿ ಎಲೆ ರೋಗವನ್ನು ಮೊದಲು ಗುರುತಿಸಿದ್ದು 1914ರಲ್ಲಿ, ಮಧ್ಯ ಕೇರಳದ ಮೂವಾಟ್ಟುಪುಳದ ಕಡೆ. ಇವತ್ತು ಸಂಪಾಜೆಯ, ಶೃಂಗೇರಿಯ, ಕೊಪ್ಪದ ತೋಟಗಳಿಗೆ ಹೋಗಿ ನೋಡಿ. ಈಗ ಎಲೆಚುಕ್ಕಿ ರೋಗ. ನಮ್ಮ ಕಡೆಯವರು ಕೃಷಿಭವನಕ್ಕೆ ಹೇಳುತ್ತೇವೆ, ಆಚೆಯವರು ತೋಟಗಾರಿಕೆ ಇಲಾಖೆಗೆ ಹೇಳುತ್ತಾರೆ. ಗಡಿಯಲ್ಲಿ ಕೆಲವರ ಮನೆ ಒಂದು ರಾಜ್ಯದಲ್ಲಿ, ತೋಟ ಇನ್ನೊಂದರಲ್ಲಿ. ಅಂಥವರ ತೋಟದ ಕಾಯಿಲೆ ಎರಡು ಫೈಲಿನಲ್ಲಿ ಇರುತ್ತದೆ, ಅಥವಾ ಒಂದರಲ್ಲೂ ಇರುವುದಿಲ್ಲ. ರೋಗ ವರ್ಷಕ್ಕೆ ಎಷ್ಟು ದೂರ ಇಳಿದು ಬಂತು ಎಂದು ನಕ್ಷೆ ಬಿಡಿಸಲು ಹೊರಟರೆ ಗಡಿಯ ಗೆರೆಯ ಹತ್ತಿರ ನಕ್ಷೆ ಬಿಳಿಯಾಗುತ್ತದೆ.

ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಲೆಕ್ಕ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟದ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2001ರಲ್ಲಿ ಒಂದು ಸಂಸ್ಥೆಯ ವರದಿ ರಕ್ತದಲ್ಲಿ, ನೀರಿನಲ್ಲಿ ವಿಷ ಇದೆ ಎಂದಿತು, ಇನ್ನೊಂದು ವರದಿ ಬೇರೆಯೇ ಮಾತು ಹೇಳಿತು. ಸಮಿತಿಯ ಮೇಲೆ ಸಮಿತಿ ಬಂತು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕುವಾಗ 2011 ಆಗಿತ್ತು. ಮಾದರಿಯನ್ನು ಯಾವ ತಿಂಗಳಲ್ಲಿ ತೆಗೆದರು, ಹೇಗೆ ಇಟ್ಟರು, ಯಾವ ವಿಧಾನದಲ್ಲಿ ಅಳೆದರು ಎಂಬುದೆಲ್ಲ ಮೊದಲ ದಿನದಿಂದ ಒಂದೇ ನಮೂನೆಯಲ್ಲಿ ಎಲ್ಲರ ಎದುರು ಇದ್ದಿದ್ದರೆ ಜಗಳ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಜಗಳ ಎಲ್ಲಿದೆ ಎಂದಾದರೂ ಬೇಗ ತಿಳಿಯುತ್ತಿತ್ತು. ಕಾಯುತ್ತಿದ್ದವರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡ ಅಮ್ಮಂದಿರು.

ಸಂಶೋಧಕರು ಯಾಕೆ ಕೊಡುವುದಿಲ್ಲ ಎಂಬುದು ನನಗೆ ಅರ್ಥವಾಗದ್ದಲ್ಲ. ಬಿಸಿಲಲ್ಲಿ ಗುಡ್ಡ ಹತ್ತಿ ಎಣಿಸಿದ್ದು ಒಬ್ಬಳು, ಎಸಿ ಕೋಣೆಯಲ್ಲಿ ಕೂತು ಅದರಿಂದ ಪ್ರಬಂಧ ಬರೆದು ಹೆಸರು ಮಾಡುವುದು ಇನ್ನೊಬ್ಬರು ಆದರೆ ಹೊಟ್ಟೆ ಉರಿಯುವುದಿಲ್ವಾ? ಬಡ್ತಿ ಕೊಡುವಾಗ ಪ್ರಬಂಧ ಎಣಿಸುತ್ತೀರಿ. ಅಚ್ಚುಕಟ್ಟಾಗಿ ಬರೆದು ಕೊಟ್ಟ ಲೆಕ್ಕವನ್ನು ಎಣಿಸುವುದಿಲ್ಲ. ಅದಕ್ಕೆ ತಲೆಕೆಡಿಸಿಕೊಳ್ಳುವವರು ಸುಮ್ನೆ ಕೆಲಸ ಮೈಮೇಲೆ ಎಳೆದುಕೊಂಡವರ ಹಾಗೆ ಕಾಣುತ್ತಾರೆ. ಇದು ನಿಮ್ಮ ಕೈಯಲ್ಲೇ ಇರುವ ವಿಷಯ. ದತ್ತಾಂಶದ ಕಡತಕ್ಕೂ ಪ್ರಬಂಧದ ಹಾಗೆ ಶಾಶ್ವತ ಸಂಖ್ಯೆ ಕೊಡಬಹುದು, ಬಳಸಿದವರು ಅದನ್ನು ಉಲ್ಲೇಖಿಸಬೇಕು ಎನ್ನಬಹುದು, ಎಣಿಸಿದವರ ಹೆಸರನ್ನು ಮೊದಲು ಹಾಕಬಹುದು. ಮರ ಹತ್ತಿ ಗೊನೆ ಎಣಿಸಿದ ಕೆಲಸದವನ ಹೆಸರೂ ಇದ್ದರೆ ಏನು ಕಡಿಮೆಯಾಗುತ್ತದೆ?

ನಮ್ಮ ಕಡೆಯಿಂದ ಒಂದು ಹೆದರಿಕೆ ಇದೆ. ಅದನ್ನೂ ಹೇಳಬೇಕು. ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದವರು. ರಾಜಕಯಮೆ ಎಂಬ ತಳಿಯಿಂದ ಶುರುಮಾಡಿ, ಎಕರೆಗಟ್ಟಲೆ ಗದ್ದೆಯಿಲ್ಲದೆ, ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳೆದು ಬೀಜ ಕಾಪಾಡಿದವರು. 2024ರಲ್ಲಿ ಪದ್ಮಶ್ರೀ ಬಂತು. ಅಂಥವರ ಅಂಗಳದ ತಳಿಯ ಗುಟ್ಟನ್ನೆಲ್ಲ ಲೋಕಕ್ಕೆ ತೆರೆದಿಟ್ಟು, ನಾಳೆ ಯಾವುದೋ ಕಂಪನಿ ಅದನ್ನೇ ಪ್ಯಾಕೆಟ್ ಮಾಡಿ ಮಾರಿದರೆ? ರೈತರ ತಳಿಗೆ ಹಕ್ಕು ಕೊಡುವ 2001ರ ಕಾನೂನು ಇದೆ, 2002ರ ಜೀವವೈವಿಧ್ಯ ಕಾನೂನು ಇದೆ. ಅವುಗಳನ್ನು ಮೀರಿ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಅಪರೂಪದ ಮರ ನಿಂತ ಜಾಗವನ್ನು ಕರಾರುವಾಕ್ಕಾಗಿ ಹೇಳದೆ, ಸುಮಾರು ಹತ್ತು ಕಿಲೋಮೀಟರ್ ಚೌಕದಲ್ಲಿ ಇದೆ ಎಂದಷ್ಟೇ ತೋರಿಸುವ ರೂಢಿಯೂ ಇದೆ. ಯಾವುದನ್ನು ಯಾರಿಗೆ ತೆರೆಯಬೇಕು ಎಂದು ಕೊಟ್ಟವರನ್ನು ಕೇಳಿ. ಕೇಳಿದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಕೇಳದೆ ಒಯ್ದದ್ದಕ್ಕೇ ನಮಗೆ ಬೇಸರ.

ಹಾಗಾದರೆ ಏನು ಬೇಕು? ಹೊಸ ಕಟ್ಟಡ ಬೇಡ, ಹೊಸ ಆ್ಯಪ್ ಬೇಡ. ಆ್ಯಪ್ ಬಂದು ಹೋದ ಎಷ್ಟೋ ಯೋಜನೆಗಳ ಪಾಸ್‌ವರ್ಡ್ ನನ್ನ ಡೈರಿಯಲ್ಲಿವೆ. ಎರಡೂ ರಾಜ್ಯದ, ಕೇಂದ್ರದ ಸಂಸ್ಥೆಗಳವರು ಒಂದು ದಿನ ಕಾಸರಗೋಡಿನಲ್ಲೋ ವಿಟ್ಲದಲ್ಲೋ ಕೂತು ಅಡಿಕೆ, ತೆಂಗು, ಕಾಳುಮೆಣಸಿಗೆ ಒಂದೇ ನಮೂನೆ ಒಪ್ಪಿಕೊಳ್ಳಿ. ಇರುವುದನ್ನೇ ತೆಗೆದುಕೊಳ್ಳಿ, ಹೊಸದು ಮಾಡಲು ಹೊರಟರೆ ಇನ್ನೊಂದು ಹತ್ತು ವರ್ಷ. ಅದರಲ್ಲಿ ಸ್ಥಳೀಯ ಹೆಸರಿಗೆ ಒಂದಲ್ಲ, ಕನ್ನಡ, ತುಳು, ಮಲಯಾಳಕ್ಕೆ ಒಂದೊಂದು ಕಾಲಂ ಇರಲಿ. ಎಲ್ಲ ಹೆಸರನ್ನೂ ಒಂದೇ ತಳಿಸಂಖ್ಯೆಗೆ ಕಟ್ಟಿ. ಮರಕ್ಕೆ ಒಂದು ಸಂಖ್ಯೆ ಕೊಟ್ಟ ಮೇಲೆ ಆ ಮರ ಬೀಳುವ ತನಕ ಅದೇ ಸಂಖ್ಯೆ. ಮುಂದೆ ಬರುವ ತಂಡ ಪೇಂಟು ಡಬ್ಬಿ ತೆಗೆಯುವ ಮೊದಲು ತಗಡು ನೋಡಲಿ. ಪ್ರಾಜೆಕ್ಟ್ ಮುಗಿದು ಎರಡು ವರ್ಷದ ಒಳಗೆ ಮೂಲ ಅಂಕಿಗಳು ಸಾರ್ವಜನಿಕವಾಗಿ ಸಿಗಲಿ. ಫೋಟೋ ಆಗಿ ಅಲ್ಲ, ಕಂಪ್ಯೂಟರಿನಲ್ಲಿ ಕೂಡಿಸಿ ಕಳೆಯಲು ಬರುವ ಸಾದಾ ಪಟ್ಟಿಯಾಗಿ. ತೋಟದವರಿಗೆ ಒಂದು ಪ್ರತಿ, ಅವರು ಓದುವ ಭಾಷೆಯಲ್ಲಿ. ಒಂದೇ ಪುಟ ಸಾಕು.

ಹಳೆ ರಿಜಿಸ್ಟರುಗಳದ್ದು ಅವಸರದ ಕೆಲಸ. ನಮ್ಮ ಕಡೆಯ ಮಳೆಗಾಲ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಗೆದ್ದಲು ಯಾವ ವಿಜ್ಞಾನಿಯ ಅನುಮತಿಯನ್ನೂ ಕೇಳುವುದಿಲ್ಲ. ನಮ್ಮ ಅಟ್ಟದಲ್ಲೇ ಎರಡು ಪುಸ್ತಕದ ಅಂಚು ಹೋಗಿದೆ, ಒಂದರಲ್ಲಿ ಇಡೀ ಒಂದು ಆಟಿ ತಿಂಗಳು ಇಲ್ಲ. ನಿವೃತ್ತರಾದವರ ಮನೆಯಲ್ಲಿ, ಹಳೆ ಕಪಾಟಿನಲ್ಲಿ ಇರುವುದನ್ನು ಈ ವರ್ಷವೇ ಸ್ಕ್ಯಾನ್ ಮಾಡಿಸಿ. ಟೈಪ್ ಮಾಡಲು ನಮ್ಮ ಹೈಸ್ಕೂಲಿನ, ಕಾಲೇಜಿನ ಮಕ್ಕಳಿದ್ದಾರೆ. ಕನ್ನಡವೂ ಮಲಯಾಳವೂ ಇಂಗ್ಲಿಷೂ ಓದಲು ಬರುವ ಮಕ್ಕಳು ಬೇರೆಲ್ಲಿ ಸಿಗುತ್ತಾರೆ? ಅಜ್ಜನ ಮೋಡಿ ಅಕ್ಷರ ಬಿಡಿಸಲು ಬೇಕಾದರೆ ನಾನು ಕೂರುತ್ತೇನೆ.

ಅಪ್ಪನ ಪುಸ್ತಕಗಳ ಟೈಪಿಂಗ್ ಮುಗಿದಿದೆ. ತಾರೀಕು ಸರಿಮಾಡಿದ್ದೇವೆ, ಇಂಚನ್ನು ಮಿಲಿಮೀಟರ್ ಮಾಡಿದ್ದೇವೆ, ಮೂಲದಲ್ಲಿ ಏನಿತ್ತು ಎಂಬುದನ್ನು ಪಕ್ಕದ ಕಾಲಂನಲ್ಲಿ ಹಾಗೇ ಉಳಿಸಿದ್ದೇವೆ. ತೆಂಗಿನ ಮರದ ಕೆಳಗಿನ ಮಳೆಮಾಪಕದ ವರ್ಷಗಳಿಗೆ ಗುರುತು ಹಾಕಿದ್ದೇವೆ. ನಿಮ್ಮಲ್ಲಿ ಯಾರು ಕೇಳಿದರೂ ಕೊಡುತ್ತೇನೆ, ಅರ್ಜಿ ಬೇಡ. ಬದಲಿಗೆ 'ಎ 17'ರದ್ದೂ '42'ರದ್ದೂ ಲೆಕ್ಕ ನನಗೆ ಬೇಕು. ಆ ಎರಡು ತಂಡದವರು ಇದನ್ನು ಓದಿದರೆ ದಯವಿಟ್ಟು ಹಳೆ ಪೆನ್‌ಡ್ರೈವ್ ಒಮ್ಮೆ ಹುಡುಕಿ. ಮರ ಇನ್ನೂ ಇದೆ. ಹೋದ ವರ್ಷ ನಾಲ್ಕು ಗೊನೆ ಬಿಟ್ಟಿತ್ತು, ಒಂದು ಕೊಳೆಗೆ ಹೋಯಿತು.

ಇವತ್ತು ಬೆಳಿಗ್ಗೆ 8.30ಕ್ಕೆ ನೋಡುವಾಗ ಮಳೆಮಾಪಕದಲ್ಲಿ 62 ಮಿಲಿಮೀಟರ್ ಇತ್ತು. ನಿನ್ನೆಯ ಮಳೆ, ಇವತ್ತಿನ ತಾರೀಕಿಗೆ ಬರೆದಿದ್ದೇನೆ.

ಇತಿ,
ಪೆರ್ಲದ ಕಡೆಯ ಒಬ್ಬ ನಿವೃತ್ತ ಟೀಚರ್